ಬಣ್ಣವೇ ಮೊದಲು

ನನ್ನನ್ನು ಹಟಮಾರಿ ಎಂದು ಮನೆಯವರೂ ಆಫೀಸಿನವರೂ ಕರೆಯುತ್ತಾರೆ. ನಾನು ಅದನ್ನು ಬಿರುದೆಂದೇ ಸ್ವೀಕರಿಸಿದ್ದೇನೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವರು ಊರ ತುಂಬ ಇದ್ದಾರೆ, ಒಬ್ಬನಾದರೂ ಕತ್ತು ನೆಟ್ಟಗಿಟ್ಟುಕೊಂಡಿರಬೇಡವೆ?

ಕೋಲಾರದಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ಒಂದು ಬಟನ್ ಬೇಕೆಂದರೆ ಅದರ ಬಣ್ಣ, ಅಕ್ಷರದ ಗಾತ್ರ, ಸುತ್ತಲಿನ ಜಾಗ, ಮೂಲೆಯ ದುಂಡು, ಎಲ್ಲಕ್ಕೂ ಕ್ಲಾಸ್ ಎಂಬ ಒಂದೊಂದು ಪುಟ್ಟ ಇಂಗ್ಲಿಷ್ ಹೆಸರನ್ನು ಕೋಡಿನ ಒಂದೇ ಸಾಲಿನಲ್ಲಿ ಪೋಣಿಸುತ್ತೇವೆ. ಯಾವುದು ಮೊದಲು ಬಂದರೂ ಬಟನ್ ಹಾಗೇ ಕಾಣುತ್ತದೆ. ನಾನು ಮಾತ್ರ ಬಣ್ಣವನ್ನೇ ಮೊದಲು ಬರೆಯುವವನು. ಅಪ್ಪ ತಾಯಲೂರಿನಿಂದ ಟೊಮೆಟೊ ತಂದು ಮಂಡಿಯಲ್ಲಿ ಬಾಕ್ಸ್ ಇಳಿಸಿದಾಗ ಕೊಳ್ಳುವವರು ಮೊದಲು ನೋಡುತ್ತಿದ್ದುದು ಬಣ್ಣ, ಆಮೇಲೆ ಗಾತ್ರ, ಆಮೇಲೆ ಗಟ್ಟಿಯೋ ಮೆತ್ತಗೋ ಅನ್ನುವುದು. ನನ್ನ ವಿದ್ಯೆಯೆಲ್ಲ ಅಲ್ಲಿಂದ ಬಂದದ್ದು.

ಇಂಥ ನನ್ನ ಮೇಲೆ ಲಕ್ಕೂರಿನ ಭಾಗ್ಯ ಒಂದು ಕಮಾಂಡು ಬಿಟ್ಟಳು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಹುಡುಗಿ, ಜಾಣೆ. ಟರ್ಮಿನಲ್ ಎಂಬ ಕರಿಪರದೆಯಲ್ಲಿ ಅದರ ಹೆಸರು ಹೊಡೆದು ಎಂಟರ್ ಒತ್ತಿದರೆ ಸಾಕು, ಎಲ್ಲರ ಸಾಲುಗಳೂ ಒಂದೇ ಕ್ರಮಕ್ಕೆ ಬಂದು ನಿಲ್ಲುತ್ತವೆ. ನನ್ನ ಬಣ್ಣ ಎಲ್ಲಿಗೆ ಹೋಗಿತ್ತು ಗೊತ್ತೆ? ಬಾಲಕ್ಕೆ! ನನಗೆ ಮೈಯೆಲ್ಲ ಉರಿಯಿತು.

"ಬ್ರೌಸರ್‌ಗೇ ಇಲ್ಲದ ತಕರಾರು ನಿಂಗ್ಯಾಕಮ್ಮಾ?" ಎಂದೆ.

"ಬ್ರೌಸರ್ ಓದಿ ಸುಮ್ನಾಗ್ಬಿಡತ್ತೆ ಅಣ್ಣಾ. ನಿಮ್ ಸಾಲಲ್ಲಿ ಹುಡುಕಿ ತಿದ್ದೋಳು ನಾನು. ಒಂದೊಂದ್ ಸಾಲು ಒಂದೊಂದ್ ಥರ ಇದ್ರೆ ತಲೆ ಕೆಟ್ಟೋಗತ್ತೆ."

ಮಾತು ನ್ಯಾಯವಾಗಿತ್ತು. ನ್ಯಾಯವಾದ ಮಾತಿಗೆ ಸೋಲುವವನಾಗಿದ್ದರೆ ನನಗೆ ಆ ಬಿರುದು ಯಾಕೆ ಬರುತ್ತಿತ್ತು? "ನನ್ ಸಾಲು ನಂದು ಅಂತ ದೂರದಿಂದ್ಲೇ ಗೊತ್ತಾಗ್ಬೇಕು ಕಣಮ್ಮಾ. ಎಲ್ಲಾ ಒಂದೇ ಥರ ಆದ್ಮೇಲೆ ಇಲ್ಲಿ ನಾನೊಬ್ಬ ಇದ್ದೆ ಅನ್ನೋದಕ್ಕೆ ಏನ್ ಉಳೀತು?" ಎಂದು ಕೂಗಾಡಿದೆ. ಅರ್ಧ ಆಟಕ್ಕೆ ಶುರುವಾದ ಜಗಳ, ಆ ಮಾತು ಬಾಯಿಂದ ಬಂದ ಮೇಲೆ ಆಟವಾಗಿ ಉಳಿಯಲಿಲ್ಲ. ಭಾಗ್ಯ ಪಾಪ, ಒಂದು ಪುಟಕ್ಕೆ ವಿನಾಯಿತಿ ಕೊಟ್ಟಳು. ಶ್ರೀನಿವಾಸಪುರದ ಮಾವಿನ ವ್ಯಾಪಾರಿಯ ಪುಟವನ್ನು ಕಮಾಂಡು ಮುಟ್ಟುವಂತಿಲ್ಲ. ಬೀದಿಯಲ್ಲಿ ಮೆರವಣಿಗೆ ಹೊರಡುವುದೊಂದು ಬಾಕಿ, ಅಷ್ಟು ಹಿಗ್ಗಿದೆ.

ಪುಟ ಹೊರಬಂದ ಮರುದಿನ ಆ ವ್ಯಾಪಾರಿಯ ಫೋನು. ನಮ್ಮ ಯಜಮಾನರು ಸ್ಪೀಕರಿಗೆ ಹಾಕಿದರು.

"ಏನ್ ಸಾರ್ ಇದು, ಫೋನ್ ಮಾಡೋ ಬಟನ್ ಎಕ್ಕಡುಂದಿ, ಎಲ್ಲೈತೆ? ಸೀಜನ್ ನಡೀತಾ ಐತೆ, ಒಬ್ರೂ ಫೋನ್ ಮಾಡ್ತಾ ಇಲ್ಲ!"

ಬಟನ್ ಇದ್ದಲ್ಲೇ ಇತ್ತು. ಹಳದಿ ಪುಟದ ಮೇಲೆ ಹಳದಿ ಬಟನ್, ಅದರ ಮೇಲೆ ಹಳದಿ ಅಕ್ಷರ. ಮಾವಿನ ಮೇಲಿನ ಅಭಿಮಾನದಲ್ಲಿ ನನ್ನ ಕೈಯಲ್ಲಿ ಹಳದಿ ಸ್ವಲ್ಪ ಜಾಸ್ತಿಯಾಗಿತ್ತು. ಕಮಾಂಡು ಹೊಡೆದಿದ್ದರೂ ಹಳದಿ ಹಳದಿಯಾಗಿಯೇ ಇರುತ್ತಿತ್ತು, ಓದುಗರು ಇದನ್ನು ದಯವಿಟ್ಟು ಗಮನಿಸಬೇಕು.

"ಯಾರ್ರೀ ಇದನ್ನ ಮಾಡಿದ್ದು?" ಎಂದರು ಯಜಮಾನರು. ಆ ಪುಟಕ್ಕೆ ಕೈ ಹಾಕಿದವರು ಮೂರ್ನಾಲ್ಕು ಜನ. ನಾನು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ಯಾರೋ ಅವಸರದಲ್ಲಿ ಮಾಡಿರ್ಬೇಕು, ಬಿಡಿ ಸಾರ್. ನಾನು ಸರಿಮಾಡ್ತೀನಿ" ಎಂದಳು ಭಾಗ್ಯ. ಆ ಗಳಿಗೆಯಲ್ಲಿ ಅವಳ ಕಾಲಿಗೆ ಬೀಳಬೇಕೆನಿಸಿತು.

ನಮ್ಮ ಯಜಮಾನರಿಗೆ ಕೋಡು ಓದಲು ಬರುವುದಿಲ್ಲ. ಆದರೂ ಕನ್ನಡಕ ಏರಿಸಿ ಅವಳ ಪರದೆಗೆ ಬಗ್ಗಿ ಆ ಸಾಲನ್ನೊಮ್ಮೆ ನೋಡಿದರು. ಸಾಲಿನ ಮೊದಲಿಗೇ 'ಯೆಲ್ಲೋ' ಅಂತಿತ್ತು, ಅಷ್ಟು ಇಂಗ್ಲಿಷ್ ಅವರಿಗೂ ಬರುತ್ತದೆ. "ಬಣ್ಣ ಮೊದಲು ಬಂದೈತಲ್ಲಮ್ಮಾ" ಎಂದು ನನ್ನ ಕಡೆ ತಿರುಗಿದರು.

ಭಾಗ್ಯ ಕೀಬೋರ್ಡನ್ನು ನನ್ನತ್ತ ಸರಿಸಿದಳು. ಅಕ್ಷರಗಳನ್ನು ಕಪ್ಪು ಮಾಡಿದೆ. ಆ ಕಪ್ಪನ್ನೂ ಸಾಲಿನ ಮೊದಲಿಗೇ ಬರೆದೆ. ಸರಿಮಾಡಿದ್ದು ಯಾರೆಂದೂ ಗೊತ್ತಾಗಬೇಕಲ್ಲ!