ಮೂರು ಸಲ ಹೇಳುವ ಡಬ್ಬಿ

ಭೌತಶಾಸ್ತ್ರ ಕಲಿಸುವವನಿಗೆ ಭೌತಶಾಸ್ತ್ರ ಬರುತ್ತದೆ ಎಂದು ಜನ ನಂಬಿದ್ದಾರೆ. ಈ ನಂಬಿಕೆಯ ಮೇಲೆಯೇ ನನ್ನ ಸಂಸಾರ ನಡೆದಿರುವುದರಿಂದ ಬಹಿರಂಗವಾಗಿ ನಾನದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಮಕ್ತಲಿನ ಹೈಸ್ಕೂಲೊಂದರಲ್ಲಿ ಹದಿನೆಂಟು ವರ್ಷ ಕಪ್ಪುಹಲಗೆಯ ಮೇಲೆ ವಿದ್ಯುತ್ ಮಂಡಲ ಬರೆದಿದ್ದೇನೆ. ಬಲ್ಬು, ಬ್ಯಾಟರಿ, ಸ್ವಿಚ್ಚು ಎಲ್ಲವೂ ಸೀಮೆಸುಣ್ಣದವು. ಸೀಮೆಸುಣ್ಣದ ಬಲ್ಬು ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ಮನೆಯಲ್ಲಿ ನಿಜವಾದ ಬಲ್ಬು ಹೋದರೆ ಮಾತ್ರ ನನ್ನ ಹೆಂಡತಿ ಅನ್ನಪೂರ್ಣ ಸ್ಟೂಲು ಹತ್ತುತ್ತಾಳೆ, ನಾನು ಸ್ಟೂಲನ್ನು ಹಿಡಿದುಕೊಳ್ಳುತ್ತೇನೆ.

ಇಂಥವನು ಒಂದು ಬೇಸಿಗೆ ರಜೆಯಲ್ಲಿ ಗಿಟಾರಿಗೆ ಡಿಲೇ ಪೆಡಲ್ ಮಾಡಲು ಕೂತೆ. ತೆಲಂಗಾಣ ರಾಜ್ಯವಾಗಿ ಎರಡು ಮೂರು ವರ್ಷ ಕಳೆದಿದ್ದವು. ಊರಿನ ಬೋರ್ಡುಗಳಲ್ಲಿ ಹಳೆಯ ರಾಜ್ಯದ ಹೆಸರು ಹೊಸ ಬಣ್ಣದ ಕೆಳಗಿನಿಂದ ಇನ್ನೂ ಇಣುಕುತ್ತಿತ್ತು. ಜೂನ್ ಮೊದಲ ವಾರದಲ್ಲಿ ರಾಜ್ಯ ಹುಟ್ಟಿದ ದಿನದ ಕಾರ್ಯಕ್ರಮ. "ಸಾರ್, ಈ ಸಲ ನಿಮ್ಮ ಗಿಟಾರ್ ಇರಬೇಕ್ರಿ" ಎಂದು ಹೆಡ್‌ಮಾಸ್ಟರು ಹೇಳಿಬಿಟ್ಟರು. ರಾಯಚೂರಿನಿಂದ ತಂದ ನನ್ನ ಗಿಟಾರಿನದು ಒಣ ಧ್ವನಿ. ಮೊಬೈಲಿನಲ್ಲಿ ದೊಡ್ಡ ವಾದಕರನ್ನು ನೋಡಿದರೆ ಅವರ ಕಾಲ ಬಳಿ ಒಂದು ಡಬ್ಬಿ. ಅದನ್ನು ತುಳಿದರೆ ಬಾರಿಸಿದ ಸ್ವರವೇ ಸ್ವಲ್ಪ ತಡವಾಗಿ ಮತ್ತೆ ಬರುತ್ತದೆ, ಇನ್ನಷ್ಟು ಮೆಲ್ಲಗೆ ಮತ್ತೊಮ್ಮೆ ಬರುತ್ತದೆ, ಬಾವಿಯೊಳಗೆ ಕೂಗಿದ ಹಾಗೆ. ನನ್ನ ವಾದನದಲ್ಲಿ ಇಲ್ಲದಿರುವುದು ಆ ಡಬ್ಬಿಯೊಂದೇ ಎಂದು ನನಗೆ ಖಾತ್ರಿಯಾಯಿತು. ಅಂಥದ್ದು ಮಕ್ತಲಿನಲ್ಲಿ ಸಿಗುವುದಿಲ್ಲ. ಭೌತಶಾಸ್ತ್ರದ ಮೇಷ್ಟ್ರು, ಮಾಡಿಕೊಂಡರಾಯಿತು!

ಗದ್ವಾಲಿನಲ್ಲಿ ರೇಡಿಯೋ ರಿಪೇರಿ ಮಾಡುವ ವಯಸ್ಸಾದ ಸಾಹೇಬರೊಬ್ಬರಿದ್ದಾರೆ. ಅವರಲ್ಲಿಗೆ ಹೋಗಿ, ಮೊಬೈಲಿನಿಂದ ನಕಲು ಮಾಡಿದ ನಕ್ಷೆ ತೋರಿಸಿದೆ. ಅವರು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ನೋಡಿ, ಹದಿನಾರು ಕಾಲಿನ ಒಂದು ಕಪ್ಪು ಚಿಪ್ಪು ತರಿಸಿಕೊಡುವುದಾಗಿ ಹೇಳಿದರು. "ಮೇಷ್ಟ್ರೇ, ಬೆಸುಗಿ ನಾನs ಹಾಕಿ ಕೊಡ್ಲೇನು? ನಾಜೂಕ್ ಕೆಲಸ ಐತಿ" ಎಂದೂ ಕೇಳಿದರು. ನಾನು ನಕ್ಕೆ. ಆ ನಗುವನ್ನು ಈಗ ನೆನೆದರೆ ಮೈ ಬೆವರುತ್ತದೆ.

ರಜೆಯೆಲ್ಲ ಆ ಹದಿನಾರು ಕಾಲುಗಳಲ್ಲಿ ಕಳೆಯಿತು. ನಾರಾಯಣಪೇಟೆಯ ಮಾವನ ಮನೆಯಿಂದ ಶೇಂಗಾ ಚಟ್ನಿಪುಡಿ ತುಂಬಿಕೊಂಡು ಬಂದಿದ್ದ ಅಲ್ಯೂಮಿನಿಯಂ ಡಬ್ಬಿಯೇ ಪೆಡಲಿನ ಮೈ ಆಯಿತು. ಎಷ್ಟು ತೊಳೆದರೂ ಬೆಸುಗೆಯ ಬಿಸಿ ತಾಗಿದೊಡನೆ ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು. ಗಿಟಾರಿನ ಹೊಟ್ಟೆಗೆ ಹಿತ್ತಾಳೆಯ ಪುಟ್ಟ ಬಿಲ್ಲೆಯೊಂದನ್ನು ಅಂಟಿಸಿದೆ. ಮರದ ನಡುಕವನ್ನು ಅದು ಹಿಡಿದು ತಂತಿಯ ಮೂಲಕ ಡಬ್ಬಿಗೆ ಕೊಡಬೇಕು, ಡಬ್ಬಿ ಸ್ಪೀಕರಿಗೆ ಕೊಡಬೇಕು. ಆ ಬಿಲ್ಲೆಯ ಕಿವಿ ಎಷ್ಟು ಚುರುಕೆಂದರೆ ಗಿಟಾರಿನ ಪಕ್ಕದಲ್ಲಿ ಕೆಮ್ಮಿದರೂ ಸ್ಪೀಕರು ಕೆಮ್ಮುತ್ತಿತ್ತು.

ಮಾವ ಈರಣ್ಣನವರು ಹುಟ್ಟಾ ನೇಕಾರರು. ಒಮ್ಮೆ ಮಗಳನ್ನು ನೋಡಲು ಬಂದವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಾಲಿಲೆ ತುಳಿಯೋದಾ ಇದು?"

"ಹೌದು ಮಾವ."

"ನಮ್ಮ ಮಗ್ಗಕ್ಕೂ ಕಾಲಮಣಿ ಐತಿ. ಅದನ್ನ ತುಳಿದ್ರ ಸೀರಿ ಬರ್ತೈತಿ. ಇದನ್ನ ತುಳಿದ್ರ ಏನ್ ಬರ್ತೈತ್ರಿ?"

"ಬಂದ ಶಬ್ದವೇ ಇನ್ನೊಮ್ಮೆ ಬರುತ್ತದೆ."

ಅವರು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು ಮಗಳ ಮುಖ ನೋಡಿದರು. ಆ ನೋಟದಲ್ಲಿ ಕ್ಷಮಾಪಣೆಯಿತ್ತು.

ಅದೇ ದಿನ ಅವರು ಇನ್ನೊಂದು ವಿಷಯವನ್ನೂ ತಂದಿದ್ದರು. ಅನ್ನಪೂರ್ಣಳ ತಂಗಿ ಗೌರಿಗೆ ಗದ್ವಾಲಿನಿಂದ ಸಂಬಂಧ ಬಂದಿತ್ತು. ಹುಡುಗ ವೀರೇಶ, ಧರೂರಿನಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟವನು. ಮನೆ ಒಳ್ಳೆಯದು, ಹುಡುಗ ಒಳ್ಳೆಯವನು. ತೊಡಕು ಒಂದೇ. ನೆಂಟಸ್ತನ ತಂದವರು, "ಅವರ ಮನ್ಯಾಗ ಮಗ್ಗ ನಡಿಯಂಗಿಲ್ಲ. ಹುಡುಗಿ ನೇಯೋದು ಬಿಡ್ತಾಳ ಅಂತ ಹೇಳಿಬಿಡ್ರಿ" ಎಂದಿದ್ದರು. ಮಾವ ಹೇಳಿಬಿಟ್ಟಿದ್ದರು. ಗೌರಿಯೋ, ಹನ್ನೆರಡನೆಯ ವಯಸ್ಸಿಗೆ ಮಗ್ಗದ ಕೆಳಗೆ ಕಾಲಮಣಿಗೆಂದು ತೋಡಿದ ಕುಣಿಗಿಳಿದವಳು. ಅವಳು ಹಾಕಿದ ಅಂಚನ್ನು ನಾರಾಯಣಪೇಟೆಯ ಹಿರಿಯ ನೇಕಾರರೂ ಬೆರಳಲ್ಲಿ ಸವರಿ ನೋಡುತ್ತಿದ್ದರು. ಅವಳ ಅರ್ಧ ನೇಯ್ದ ಸೀರೆ ಕಣ್ಣಿಗೆ ಬೀಳಬಾರದೆಂದು ಹುಡುಗಿ ನೋಡುವ ಶಾಸ್ತ್ರವನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡರು. ಗದ್ವಾಲಿನವರಿಗೂ ಮಕ್ತಲ್ ಹತ್ತಿರ.

ಆ ದಿನ ಬೆಳಿಗ್ಗೆ ಪಡಸಾಲೆ ತೆರವು ಮಾಡಬೇಕೆಂದು ಆಜ್ಞೆಯಾಯಿತು. ಅನ್ನಪೂರ್ಣ ಗಿಟಾರನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಗೋಡೆಗೆ ಒರಗಿಸಿದಳು. ತಂತಿ ಉದ್ದವಿದ್ದುದರಿಂದ ಬಿಚ್ಚಲು ಯಾರೂ ಹೋಗಲಿಲ್ಲ. ಡಬ್ಬಿಯನ್ನು ನಾನು ಮಂಚದ ಕೆಳಗೆ ತಳ್ಳಿದೆ. ಸ್ಪೀಕರು ಭಾರ, ಅದರ ಮೇಲೆ ನಾರಾಯಣಪೇಟೆಯ ಒಂದು ಚೌಕಳಿ ಬಟ್ಟೆ ಹೊದಿಸಿ ಲಾಡು, ಚೂಡಾದ ತಟ್ಟೆಗಳನ್ನಿಟ್ಟರೆ ಅಚ್ಚುಕಟ್ಟಾದ ಮೇಜು. ಹಿಂದಿನ ಸಂಜೆಯ ಗಾಳಿಗೆ ಕರೆಂಟು ಹೋದದ್ದು ಇನ್ನೂ ಬಂದಿರಲಿಲ್ಲ. ಆದರೂ ಜವಾಬ್ದಾರಿಯುಳ್ಳ ಮನುಷ್ಯನಾದ ನಾನು, ಹಿಂದಿನ ದಿನವಷ್ಟೇ ಬೆಸೆದು ಇನ್ನೂ ಪರೀಕ್ಷಿಸದಿದ್ದ ಡಬ್ಬಿಯ ಸ್ವಿಚ್ಚನ್ನು ನೆನಪಿಟ್ಟು ಆಫ್ ಮಾಡಿದೆ.

ನೆಂಟರು ಬಂದರು. ಅಕ್ಕ ತಂಗಿ ಅಡುಗೆಮನೆ ಸೇರಿದರು. ಹುಡುಗನ ತಾಯಿ ಸಂಗಮ್ಮ ದೊಡ್ಡ ಕುಂಕುಮದ, ಕಡಿಮೆ ಮಾತಿನ ಹೆಂಗಸು. ಮಂಚದ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮನೆಯ ಮೂಲೆಮೂಲೆ ನೋಡಿದರು. ವೀರೇಶ ಕುರ್ಚಿಯ ತುದಿಯಲ್ಲಿ ಕೂತು ತನ್ನ ಚಪ್ಪಲಿ ಬಿಟ್ಟ ಕಡೆಯೇ ನೋಡುತ್ತಿದ್ದ. ಮಾವ ಮಳೆಯ ಬಗ್ಗೆ ಮಾತಾಡಿದರು, ಜುರಾಲಾ ಕಾಲುವೆಯ ನೀರಿನ ಬಗ್ಗೆ ಮಾತಾಡಿದರು, ಕೊನೆಗೆ ಗಂಟಲು ಸರಿಮಾಡಿಕೊಂಡು, "ನಮ್ಮ ಹುಡುಗಿಗೇನು ಮಗ್ಗದ ಹುಚ್ಚಿಲ್ಲರಿ. ಬಿಡು ಅಂದ್ರ ಬಿಡ್ತಾಳ" ಅಂದರು.

ಆಗ ಕರೆಂಟು ಬಂತು.

ಟೇಬಲ್ ಫ್ಯಾನು ತಿರುಗಿತು. ಎಲ್ಲರೂ ಉಸ್ಸೆಂದು ಅದರ ಕಡೆ ಮುಖ ಮಾಡಿದರು. ಅದೇ ಬೋರ್ಡಿಗೆ ಸ್ಪೀಕರಿನ ಪ್ಲಗ್ಗೂ ಇತ್ತೆಂಬುದು ನನಗೆ ನೆನಪಾಗುವಷ್ಟರಲ್ಲಿ ಲಾಡು ತಟ್ಟೆಯ ಕೆಳಗಿನಿಂದ ಗೌರಿಯ ಧ್ವನಿ ಎದ್ದಿತು.

"ಅಕ್ಕಾ, ಹುಡುಗ ಚಲೋ ಅದಾನ. ಆದ್ರ ನಾ ಮಗ್ಗ ಬಿಡಂಗಿಲ್ಲ... ಮಗ್ಗ ಬಿಡಂಗಿಲ್ಲ... ಬಿಡಂಗಿಲ್ಲ..."

ಸಂಗಮ್ಮನವರ ಕೈಯಲ್ಲಿದ್ದ ಲಾಡು ಬಾಯಿಯ ಹತ್ತಿರ ನಿಂತಿತು. ಗಾಬರಿಯಲ್ಲಿ ಅವರು ಇದೇನಿದು ಎನ್ನಲೂ ತೆಲುಗಿಗೆ ಜಾರಿ, "ಏಮಿಟಿದಿ!" ಎಂದು ತಟ್ಟೆಯಿಂದ ಹಿಂದೆ ಸರಿದರು. ಅಡುಗೆಮನೆಯವರಿಗೆ ಇದರ ಸುಳಿವೇ ಇಲ್ಲ. ಈಗ ಅನ್ನಪೂರ್ಣಳ ಪಿಸುಮಾತು: "ಮೆಲ್ಲಕ ಮಾತಾಡು, ಕೇಳಿಸ್ತೈತಿ... ಕೇಳಿಸ್ತೈತಿ... ಕೇಳಿಸ್ತೈತಿ..."

ನಾನು ಮಂಚದ ಕೆಳಗೆ ನುಗ್ಗಿ, ಡಬ್ಬಿ ಹಿಡಿದು, ಸ್ವಿಚ್ಚು ನೋಡಿದೆ. ಆಫ್ ಎಂದೇ ಇತ್ತು! ಹದಿನೆಂಟು ವರ್ಷದ ಅನುಭವದಲ್ಲಿ ಆಫ್ ಆಗಿರುವುದನ್ನು ಮತ್ತೆ ಆಫ್ ಮಾಡುವ ಉಪಾಯ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಇನ್ನೊಂದು ತಲೆ ಕಾಣಿಸಿತು. ಮದುವೆಗಂಡು ವೀರೇಶ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಅಂಗಾತ ಮಲಗಿ ಒಳಗೆ ಜಾರಿ ಬಂದಿದ್ದ. ಡಬ್ಬಿಯ ಮುಚ್ಚಳ ತೆಗೆದು ಒಂದೇ ನೋಟ ನೋಡಿದ.

"ಸಾರ್, ಸ್ವಿಚ್ ಉಲ್ಟಾ ಹಾಕ್ಯಾರ್ರಿ. ಆಫ್ ಅಂದ್ರ ಆನ್ ಐತಿ. ಯಾರು ಮಾಡಿದ್ದು?"

"ಗದ್ವಾಲಿನ ಸಾಹೇಬರು" ಎನ್ನಲು ಬಾಯಿ ತೆರೆದೆ. ಮಂಚದ ಆಚೆಯಿಂದ ಮಾವ ಅಷ್ಟರಲ್ಲೇ, "ನಮ್ಮ ಅಳಿಯರs ಮಾಡ್ಯಾರ" ಎಂದು ಉತ್ತರ ಕೊಟ್ಟಾಗಿತ್ತು.

ವೀರೇಶ ಸ್ವಿಚ್ಚನ್ನು ಆನ್ ಮಾಡಿ ಡಬ್ಬಿಯ ಬಾಯಿ ಮುಚ್ಚಿಸಿದ, ನಾವಿಬ್ಬರೂ ಧೂಳು ಕೊಡವಿಕೊಂಡು ಹೊರಬಂದೆವು. ಸಂಗಮ್ಮ ಎದ್ದು ನಿಂತರು. ಮುಗಿಯಿತು, ಒಂದು ಹುಡುಗಿಯ ಮದುವೆಯನ್ನು ಚಟ್ನಿಪುಡಿ ಡಬ್ಬಿಯಿಂದ ಮುರಿದೆನಲ್ಲ ಎಂದುಕೊಂಡೆ. ಅವರು ಬಾಗಿಲ ಕಡೆ ಹೋಗಲಿಲ್ಲ, ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತರು. ಗೌರಿ ಕಾಫಿಯ ತಟ್ಟೆ ಹಿಡಿದು ಬೆಪ್ಪಾಗಿ ನೋಡುತ್ತಿದ್ದಳು.

"ಒಮ್ಮೆ ಹೇಳಿದ್ರ ಸಾಕಿತ್ತಲ್ಲವ್ವಾ. ಮೂರ್ ಮೂರ್ ಸಲ ಯಾಕ?"

ಗೌರಿಗೆ ವಿಷಯ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಗಿಟಾರನ್ನೂ ನನ್ನನ್ನೂ ನೋಡಿದಳು. ಆಮೇಲೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹೇಳಿದಳು: "ಅಪ್ಪಗ ಮೂರು ವಾರ ಆತ್ರಿ ಹೇಳಾಕ ಹತ್ತಿ. ಒಮ್ಮೆರ ಕಿವಿಗೆ ಹಾಕ್ಕೊಂಡಾನೇನು ಕೇಳ್ರಿ. ನಾ ಸುಳ್ಳು ಹೇಳಿ ನಿಮ್ಮ ಮನಿಗೆ ಬರಾಕ ಒಲ್ಲೆ. ಮಗ್ಗ ಇಲ್ಲಂದ್ರ ನನಗ ಕೈನs ಇಲ್ಲ."

ಮಾವ ತಲೆ ತಗ್ಗಿಸಿ ಕೂತರು. ಆ ಹಿರಿಯ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು. ನನಗೆ ನಗು ಬರಲಿಲ್ಲ.

"ಮಗ್ಗ ಕೆಟ್ಟದ್ದು ಅಂತ ನಾ ಅನ್ನಲಿಲ್ಲ," ಸಂಗಮ್ಮ ನಿಧಾನವಾಗಿ ಅಂದರು. "ಮನ್ಯಾಗ ಜಾಗಾ ಇಲ್ಲ ಅಂದಿದ್ದೆ. ಕುಣಿ ಎಲ್ಲಿ ತೋಡ್ಲಿ, ದೇವರ ಕ್ವಾಣ್ಯಾಗ?"

"ಅಂಗಡಿ ಹಿಂದ ಪತ್ರಾಸಿನ ಶೆಡ್ ಐತಲ್ಲ," ಎಂದ ವೀರೇಶ. ಮಂಚದ ಕೆಳಗಿನದನ್ನು ಬಿಟ್ಟರೆ ಅವನು ಆ ದಿನ ಆಡಿದ ಮೊದಲ ಮಾತು ಅದು. "ಹಳೇ ಮೋಟರ್ ಹೊರಗ ಹಾಕ್ತೀನಿ. ಮಗ್ಗಕ್ಕ ಎಷ್ಟು ಜಾಗಾ ಬೇಕ್ರಿ?"

ಕೇಳಿದ್ದು ಮಾವನನ್ನು. ಉತ್ತರ ಕೊಟ್ಟವಳು ಗೌರಿ, ಗೇಣಿನ ಲೆಕ್ಕದಲ್ಲಿ, ಕಿಟಕಿ ಯಾವ ಕಡೆ ಇರಬೇಕೆಂಬುದನ್ನೂ ಸೇರಿಸಿ. ಸಂಗಮ್ಮ ಇಬ್ಬರ ಮುಖವನ್ನೂ ನೋಡಿ, ಲಾಡನ್ನು ಬಾಯಿಗೆ ಹಾಕಿಕೊಂಡರು. ಮಾವ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು, ಸೆಕೆ ಎಂದರು.

ಹೊರಡುವ ಮುಂಚೆ ವೀರೇಶ ನನ್ನ ಬೆಸುಗೆ ಕಡ್ಡಿ ಕೇಳಿ ಪಡೆದು, ಹತ್ತು ನಿಮಿಷದಲ್ಲಿ ಸ್ವಿಚ್ಚನ್ನು ನೆಟ್ಟಗೆ ಮಾಡಿದ. ಅಲುಗುತ್ತಿದ್ದ ನಾಲ್ಕು ಬೆಸುಗೆಗಳನ್ನೂ ಭದ್ರ ಮಾಡಿ, "ಈಗ ಪಕ್ಕಾ ಆತ್ರಿ ಸಾರ್. ಹತ್ತು ವರ್ಷ ತೊಂದ್ರಿ ಕೊಡಂಗಿಲ್ಲ" ಅಂದ. ನನ್ನ ಇಡೀ ರಜೆಯ ತಪಸ್ಸು ಅವನಿಗೆ ಕಾಫಿ ಆರುವಷ್ಟು ಹೊತ್ತಿನ ಕೆಲಸ.

ಜೂನಿನ ಕಾರ್ಯಕ್ರಮಕ್ಕೆ ಎರಡೂ ಮನೆಯವರು ಬಂದು ಮುಂದಿನ ಸಾಲಿನಲ್ಲೇ ಕೂತರು. ನಾನು ವೇದಿಕೆಯೇರಿ, ಗತ್ತಿನಿಂದ ಡಬ್ಬಿ ತುಳಿದು, ಬಾರಿಸಿದೆ. ಡಬ್ಬಿ ಒಂದಿಷ್ಟೂ ತಪ್ಪಲಿಲ್ಲ. ನಾನು ಹಾಡಿನ ಎರಡನೆಯ ಸಾಲಿನಲ್ಲಿ ತಪ್ಪಿದೆ. ಆ ತಪ್ಪು ಮೈದಾನದ ತುದಿಯ ಬೇವಿನ ಮರದವರೆಗೆ ಮೂರು ಸಲ ಹೋಯಿತು. ಅದನ್ನು ಮುಚ್ಚಲು ಹೋಗಿ ಇನ್ನೆರಡು ತಪ್ಪಿದೆ. ಇಳಿದು ಬಂದಾಗ ಹೆಡ್‌ಮಾಸ್ಟರು ಕೈಕುಲುಕಿದರು.

"ಭಾಳ ಚಲೋ ಆತ್ರಿ ಸಾರ್. ಆದ್ರ ಒಂದs ತಪ್ಪು ಅಷ್ಟು ಸಲ ಯಾಕ ಮಾಡಿದ್ರಿ?"

ಡಬ್ಬಿ ಕೆಟ್ಟಿದೆ ಎಂದು ಹೇಳಬಹುದಿತ್ತು. ಆದರೆ ಅದನ್ನು ರಿಪೇರಿ ಮಾಡಿದವನು ಎರಡೇ ಮಾರು ದೂರದಲ್ಲಿ, ಗೌರಿಯ ಪಕ್ಕ ಕೂತು, ನನಗಾಗಿ ಇನ್ನೂ ಚಪ್ಪಾಳೆ ತಟ್ಟುತ್ತಿದ್ದ.