ಗುಳಿಗಿ ಮುಗಿಯೂತನಕ

ಔಷಧಿ ಕೊಡುವ ಕಿಟಕಿಯ ಹಿಂದೆ ಕೂತವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವು ಚೀಟಿ ಹಿಡಿದು ಪಾಳಿಯಲ್ಲಿ ತಾವೇ ಬಂದು ನಿಲ್ಲುತ್ತವೆ. ನಾನು ಔರಾದಿನವನು. ಭಾಲ್ಕಿ ತಾಲ್ಲೂಕಿನ ಗಡಿ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ವರ್ಷಗಟ್ಟಲೆ ಗುಳಿಗೆ ಎಣಿಸಿಕೊಟ್ಟೆ. ಹೆಂಡತಿ ಔರಾದಿನ ಸಾಲಿಯಲ್ಲಿ ಟೀಚರ್ ಆಗಿದ್ದರಿಂದ ನಾನು ಭಾನುವಾರದ ಗಂಡ.

ಮಳೆ ಕೈಕೊಟ್ಟ ಆ ಎರಡು ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಜನ ಪುಣೆ, ಹೈದರಾಬಾದು ಅಂತ ದುಡಿಯಲು ಹೋಗಿದ್ದರು. ಉಳಿದವರು ಹೋದವರ ದಾರಿ ಕಾಯುತ್ತಿದ್ದರು. ನಾನು ಹೇಳುವುದೆಲ್ಲ ಅಂಥ ಒಂದು ಜೋಡಿಯ ಕತೆ. ಮೆಹಕರದವರು, ಕುರಿ ಸಾಕಿದವರು, ಐವತ್ತು ದಾಟಿದವರು, ಮಕ್ಕಳಿಲ್ಲ. ಆಕೆಯನ್ನು ನಾನು ಅಕ್ಕ ಅನ್ನುತ್ತಿದ್ದೆ, ಹಾಗಾಗಿ ಆಕೆಯ ಗಂಡ ನನಗೆ ಮಾಮಾ.

೧. ಒಂದೇ ಮನಿ, ಒಂದೇ ಬಿ.ಪಿ.

ಇಬ್ಬರಿಗೂ ಬಿ.ಪಿ. ಇಬ್ಬರಿಗೂ ನಮ್ಮ ಡಾಕ್ಟರಮ್ಮ ಬರೆದದ್ದು ಅಮ್ಲೋಡಿಪಿನ್. ದಿನಕ್ಕೊಂದು, ದಿನಾ ಒಂದೇ ಹೊತ್ತಿಗೆ, ತಪ್ಪಿಸುವಂತಿಲ್ಲ. ಆದರೆ ಮೊದಲ ಸಲದ ನಂತರ ದವಾಖಾನೆಗೆ ಬರುತ್ತಿದ್ದವರು ಮಾಮಾ ಒಬ್ಬರೇ.

"ಅಕ್ಕ ಎಲ್ಲಿರಿ? ಅಕಿ ಬಿ.ಪಿ.ನೂ ನೋಡಬೇಕಲ್ಲ?" ಅಂದೆ.

"ನಂದೇ ನೋಡ್ರಿ ಸಾಹೇಬ್ರ. ಒಂದೇ ಮನ್ಯಾಗ ಉಣ್ತೇವಿ, ಒಂದೇ ಕುರಿ ಹಿಂದ ಓಡ್ತೇವಿ. ಅಕಿದು ಬ್ಯಾರೆ ಎಷ್ಟ್ ಇರ್ತದ?"

ಕೆದಕಿದಾಗ ಇನ್ನೊಂದು ಗುಟ್ಟು ಹೊರಬಿತ್ತು. ಇಬ್ಬರಿಗೂ ಸೇರಿ ಮನೆಯಲ್ಲಿ ಓಡುತ್ತಿದ್ದುದು ಗುಳಿಗೆಯ ಒಂದೇ ಪಟ್ಟಿ. ಇವತ್ತು ಇವರು, ನಾಳೆ ಆಕೆ. ಇನ್ನೊಂದು ಪಟ್ಟಿ ಜೋಳ ತುಂಬಿಡುವ ಗುಮ್ಮಿಯೊಳಗೆ ಭದ್ರ. ಯಾಕೆಂದರೆ ಬರಗಾಲ ಇನ್ನೂ ಬಿಗಿಯಾದಾಗ ಬೇಕಾಗುತ್ತದೆ! ಕಾಳು ಕೂಡಿಟ್ಟು ಬದುಕಿದ ಜನಕ್ಕೆ ಗುಳಿಗೆಯನ್ನು ಬರಗಾಲಕ್ಕೆ ಕೂಡಿಡಬಾರದು ಎಂದು ತಿಳಿಸುವುದರೊಳಗೆ ನನ್ನ ಬಿ.ಪಿ. ಏರಿತ್ತು.

"ಇಬ್ರೂ ದಿನಾ ತಗೋಬೇಕ್ರಿ ಮಾಮಾ!"

"ತಗೋತೇವಲ್ರಿ. ಜಗಳ ಆದ ದಿನ ಇಬ್ರೂ ತಗೋತೇವಿ."

"ಜಗಳ ಯಾವಾಗ ಆಗ್ತದ?"

"ಇವತ್ತು ಗುಳಿಗಿ ಪಾಳಿ ಯಾರ್ದು ಅಂಬೋದಕ್ಕ."

೨. ಗಂಜಿನಿಂದ ಹೊರಟ ಗುಳಿಗೆ

ದಸರೆ ಮುಗಿದ ಮೇಲೆ ಮಾಮಾ ಪುಣೆಗೆ ಹೋದರು. ಕಟ್ಟುತ್ತಿರುವ ಒಂದು ದೊಡ್ಡ ಕಟ್ಟಡಕ್ಕೆ ವಾಚಮನ್. ಉಳಿದ ಹನ್ನೊಂದು ಕುರಿ ನೋಡಿಕೊಂಡು ಅಕ್ಕ ಊರಲ್ಲಿ. ಬಸ್ಸು ಹೋದ ಎರಡನೆಯ ದಿನ ಆಕೆ ನನ್ನ ಕಿಟಕಿಗೆ ಬಂದಳು.

"ಕಂಬಳಿ ಒಯ್ದಾರ, ಬಡಿಗಿ ಒಯ್ದಾರ, ಗುಳಿಗಿ ಮರ್ತಾರ. ಕುರಿ ಇಲ್ಲದ ಊರಾಗ ಬಡಿಗಿ ತಗೊಂಡು ಏನ್ ಮಾಡ್ತಾರಂತೇನಿ?" ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ಬಸ್ಸಿನ ದಾರಿಯ ಕಡೆಗಿತ್ತು.

ಆಕೆಯ ತಮ್ಮ ಬೀದರಿನ ಗಾಂಧಿ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲ. ಅಲ್ಲಿಂದ ಬೇಳೆ ತುಂಬಿದ ಲಾರಿಗಳು ಪುಣೆಗೆ ಹೋಗುತ್ತವೆ. ಹದಿನೈದು ಗುಳಿಗೆಯ ಪಟ್ಟಿ ಅಕ್ಕನಿಂದ ತಮ್ಮನ ಕೈಗೆ, ತಮ್ಮನಿಂದ ಡ್ರೈವರನ ಕೈಗೆ ಹೋಯಿತು. ಪುಣೆ ಮುಟ್ಟಿದಾಗ ಅದರಲ್ಲಿ ಉಳಿದದ್ದು ನಾಲ್ಕು.

ಮುಂದಿನ ಸಲ ಬೀದರಿಗೆ ಹೋದಾಗ ತಮ್ಮನನ್ನು ಹಿಡಿದು ಕೇಳಿದೆ. "ಅಕ್ಕ ಇಷ್ಟ್ ಜತನ ಮಾಡಿ ಕಳ್ಸ್ಯಾಳಂದ್ರ ಛಲೋ ತಾಕತ್ತಿನ ಗುಳಿಗೀನೇ ಇರಬೇಕಂತ ನಾ ಎರಡು ನುಂಗ್ದೆರಿ," ಅಂದ. "ತಲಿ ಮ್ಯಾಲ ಚೀಲ ಇರೂತನಕ ಏನೂ ಆಗ್ಲಿಲ್ಲ. ಚೀಲ ಇಳಿಸಿದ ಮ್ಯಾಗ ನೋಡ್ರಿ, ಇಡೀ ಗಂಜ ತಿರಗ್ತು!" ಡ್ರೈವರ್ ತಲೆನೋವಿಗೆ ಒಂದಿಷ್ಟು ತೆಗೆದುಕೊಂಡಿದ್ದ. ದಾರಿಯಲ್ಲಿ ಲಾರಿ ನಿಂತ ಢಾಬಾದವನು ಹೊಟ್ಟೆ ಉಬ್ಬರಕ್ಕೆ. ಒಬ್ಬರ ಬಿ.ಪಿ. ಗುಳಿಗೆ ಇನ್ನೊಬ್ಬರಿಗೆ ಅಪಾಯ ಎಂದು ಆ ಹಾದಿಯಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ.

ಅಕ್ಕನಿಗೆ ವಿಷಯ ತಿಳಿಸಿದೆ. ಆಕೆ ತಲೆಗೆ ಕೈ ಹಚ್ಚಿ ಕೂತಳು. "ಹಾದ್ಯಾಗಿನ ಮಂದಿದೆಲ್ಲ ಬಿ.ಪಿ. ಇಳೀತು. ನಮ್ಮವರದೊಂದೇ ಏರ್ತು."

೩. ಪುಣೆ ನೀರು ಹತ್ತಿದ್ದು

ಗುಳಿಗೆ ಮುಗಿದ ಮಾಮಾನನ್ನು ಕೂಲಿಗಳಿಂದ ಕೆಲಸ ಮಾಡಿಸುವ ಅಲ್ಲಿಯ ಮುಕಾದಮ್ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಗುಳಿಗೆ ಬರೆದುಕೊಟ್ಟರು. ಅಷ್ಟರಲ್ಲಿ ಅಕ್ಕನ ಎರಡನೆಯ ಗಂಟೂ ಪುಣೆ ಮುಟ್ಟಿತು. ಈ ಸಲ ಡಬ್ಬಿಯಲ್ಲಿಟ್ಟು, ಮೇಲೆ ಬಟ್ಟೆ ಸುತ್ತಿ, ಸೂಜಿ ದಾರದಿಂದ ಹೊಲಿದಿದ್ದಳು. ಢಾಬಾದವನ ಅಪ್ಪ ಬಂದರೂ ಬಿಚ್ಚುವಂತಿರಲಿಲ್ಲ.

ಒಂದು ತಿಂಗಳಾದ ಮೇಲೆ ಅಕ್ಕ ಮುಖ ಅರಳಿಸಿಕೊಂಡು ಬಂದಳು. "ಅವರಿಗಿ ಪುಣೆ ನೀರು ಹತ್ತ್ಯಾದರಿ, ಮೈ ಹಿಡದಾದ! ಕಾಲು ಎಷ್ಟ್ ಛಂದ ತುಂಬ್ಯಾವಂತ, ಚಪ್ಪಲಿನೇ ಹಿಡೀವಲ್ಲವಂತ."

ನಾನು ಎಣಿಸುತ್ತಿದ್ದ ಗುಳಿಗೆ ಅಲ್ಲೇ ಬಿಟ್ಟು ಎದ್ದೆ. ಅಮ್ಲೋಡಿಪಿನ್ ಹೆಚ್ಚಾದರೆ ಕಾಲಿಗೆ ಬಾವು ಬರುತ್ತದೆ. ಅಕ್ಕನ ಹತ್ತಿರ ಫೋನಿರಲಿಲ್ಲ, ನನ್ನ ಫೋನಿನಿಂದಲೇ ಹಚ್ಚಿದೆ. ಪುಣೆಯದು ಒಂದು, ಊರಿನದು ಒಂದು, ಮಾಮಾ ದಿನಾ ಎರಡೂ ನುಂಗುತ್ತಿದ್ದರು. ಎರಡೂ ಪಟ್ಟಿಗಳ ಹಿಂದಿನ ಸಣ್ಣ ಅಕ್ಷರ ಯಾರ ಕೈಯಿಂದಾದರೂ ಓದಿಸಿರೆಂದು ಮಾಮಾನಿಗೆ ಹೇಳಿದೆ. ಕಂಪನಿಯ ಹೆಸರು ಬೇರೆ ಬೇರೆ, ಒಳಗಿನ ಔಷಧಿ ಎರಡರಲ್ಲೂ ಅದೇ. ಡಾಕ್ಟರಮ್ಮ ಫೋನು ಕಸಿದುಕೊಂಡು, ಒಂದನ್ನು ಬಿಡಬೇಕು, ಎರಡನ್ನೂ ಬಿಡಬಾರದು, ಎರಡೂ ಪಟ್ಟಿ ಹಿಡಿದು ಇವತ್ತೇ ಅಲ್ಲಿಯ ಡಾಕ್ಟರಿಗೆ ಕಾಲು ತೋರಿಸಬೇಕು ಎಂದು ಗದರಿದರು.

"ಎರಡೆರಡು ಯಾಕ ತಗೊಂಡ್ರಿ ಮಾಮಾ?" ಅಂತ ಆಮೇಲೆ ನಾನು ಕೇಳಿದೆ.

"ಪುಣೇದು ಬಿ.ಪಿ.ಗಿ ತಗೋತೇನ್ರಿ. ಊರಿಂದು ಅಕಿ ಕೈಲೆ ಹೊಲದು ಕಳ್ಸ್ಯಾಳ. ಹ್ಯಾಂಗ ಬಿಡ್ಲಿ?"

ಆ ವಾರ ನಾನೂ ಶನಿವಾರವೇ ಔರಾದಿನ ಬಸ್ಸು ಹತ್ತಿದೆ.

ಬಾವು ಇಳಿಯಿತು. ಅಕ್ಕ ಮಾತ್ರ ಎಂಟು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಲಗ್ನ ಆದಾಗಿಂದ ಅವರಿಗಿ ಒಮ್ಮಿ ಮೈ ಹಿಡದಿತ್ತು. ಅದೂ ನಿಮ್ಮ ಕಣ್ಣಿಗಿ ಚುಚ್ಚಿತು."

೪. ಕಾಣದ ಹಣ್ಣು

ನಮ್ಮ ಡಾಕ್ಟರಮ್ಮ ಮೈಸೂರು ಕಡೆಯವರು. ಪುಸ್ತಕದಲ್ಲಿದ್ದುದನ್ನು ಒಂದೂ ಬಿಡದೆ ಹೇಳುವ ಶಿಸ್ತು. ಟ್ಯಾಂಕರ್ ನೀರಿಗೆ ಕೊಡಗಳು ಪಾಳಿ ಹಚ್ಚಿದ ಒಂದು ದಿನ ಅಕ್ಕನನ್ನು ಕೂರಿಸಿಕೊಂಡು, "ಈ ಮಾತ್ರೆ ತಗೊಳ್ಳೋವಾಗ ಚಕೋತ ಹಣ್ಣು ತಿನ್ನದಿದ್ದರೆ ಒಳ್ಳೇದು," ಎಂದರು.

"ಅದು ಹ್ಯಾಂಗಿರ್ತದ್ರಿ ಡಾಕ್ಟರ್ ಬಾಯಿಯವ್ರ?"

ಡಾಕ್ಟರಮ್ಮ ಎರಡೂ ಕೈಯಲ್ಲಿ ಗಾತ್ರ ತೋರಿಸಿದರು. ಒಳಗೆ ಗುಲಾಬಿ ತೊಳೆ, ತುಂಬ ರಸ, ಹುಳಿಸಿಹಿ. ಅಕ್ಕ ಗುಟುಕು ನುಂಗಿದಳು. ಆ ಸಂಜೆ ನನ್ನ ಫೋನಿನಲ್ಲಿ ಗಂಡನಿಗೆ ಅಪ್ಪಣೆ ಹೋಯಿತು: "ಚಕೋತ ಅಂತ ಒಂದು ಹಣ್ಣ್ ಅದಂತ. ತಗೊಂಡ್ ಬರ್ರಿ."

ಅದನ್ನು ಕೇಳಿಸಿಕೊಂಡ ಡಾಕ್ಟರಮ್ಮನಿಗೆ ಸಿಟ್ಟೇ ಬಂತು. "ಅಲ್ಲಮ್ಮ, ತಿನ್ನಬೇಡ ಅಂದ್ರೆ ತರಿಸ್ತೀಯಲ್ಲ!"

"ತಿನ್ನಂಗಿಲ್ರಿ," ಅಂದಳು ಅಕ್ಕ. "ತರ್ಲಾಕಾದ್ರೂ ಅವರು ಊರಿಗಿ ಬರಬೇಕಲ್ರಿ."

೫. ಮುಗಿದ ಪಟ್ಟಿ, ಮುಗಿಯದ ಪಟ್ಟಿ

ಯುಗಾದಿಗೆ ಬರುತ್ತೇನೆಂದ ಮಾಮಾ ಬರಲಿಲ್ಲ. ಅವತ್ತು ಅಕ್ಕ ತಿಂಗಳ ಮೂವತ್ತು ಗುಳಿಗೆ ಕೈಯಲ್ಲಿ ಹಿಡಿದುಕೊಂಡೇ ಗಂಡನ ಜೊತೆ ಮಾತಾಡಿದಳು. ಯಾವಾಗ ಬರ್ತೀರಿ, ಯಾವಾಗ ಬರ್ತೀರಿ ಅಂತ ಒಂದೇ ಮಾತು. ಆ ಕಡೆಯಿಂದ ಮಾಮಾ ಅಂದದ್ದು ನನಗೂ ಕೇಳಿಸಿತು: "ನಿನ್ನ ಕೈಯಾಗಿನ ಗುಳಿಗಿ ಮುಗೀಲಿ. ಮುಗಿದ ದಿನ ಹೊಂಡ್ತೇನಿ."

ನನಗೆ ಖುಷಿಯೋ ಖುಷಿ. ಇನ್ನು ಈಕೆ ಒಂದು ದಿನವೂ ಗುಳಿಗೆ ತಪ್ಪಿಸುವುದಿಲ್ಲ ಅಂದುಕೊಂಡೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಹದಿನಾರನೆಯ ದಿನ ಅಕ್ಕ ನೀರಿನ ಪಾಳಿಯಲ್ಲಿ ಕುಸಿದು ಬಿದ್ದಳು. ಆಟೋದಲ್ಲಿ ಹಾಕಿಕೊಂಡು ಬಂದರು. ಬಿ.ಪಿ. ತೀರ ಕೆಳಗಿತ್ತು. ಕಾಲು ಎತ್ತರಕ್ಕಿಟ್ಟು ಮಲಗಿಸಿ, ಡಾಕ್ಟರಮ್ಮ ಆಕೆಯ ಕೈ ಹಿಡಿದುಕೊಂಡೇ ಆಂಬುಲೆನ್ಸಿಗೆ ಕಾಯುತ್ತಿದ್ದರು. ನಾನು ಸೆರಗಿನ ಗಂಟು ಬಿಚ್ಚಿ ನೋಡಿದೆ. ಪಟ್ಟಿಗಳೆಲ್ಲ ಖಾಲಿ.

"ಅಕ್ಕ, ದಿನಕ್ಕ ಎಷ್ಟ್ ತಗೊಂಡಿ?"

ಆಕೆ ಎರಡು ಬೆರಳು ತೋರಿಸಿದಳು. "ಮುಗಿದ ದಿನ ಹೊಂಡ್ತೇನಂದಾರಲ್ರಿ. ಅದಕ್ಕ ಲಗೂನ ಮುಗಿಸ್ದೆ. ನಾಕ್ ನಾಕ್ ನುಂಗಬೇಕಂತ ಮನಸ್ಸಿತ್ತು, ನಿಮ್ಮ ಅಂಜಿಕಿಗಿ ಬಿಟ್ಟೆ."

ಡಾಕ್ಟರಮ್ಮ ನಕ್ಕರು, ನಕ್ಕು ಆಚೆ ತಿರುಗಿ ಕಣ್ಣು ಒರೆಸಿಕೊಂಡರು. ನನ್ನ ಅಂಜಿಕೆ ಆಕೆಗೆ ಇತ್ತಲ್ಲ ಎಂದು ದೇವರಿಗೆ ಕೈ ಮುಗಿದೆ. ಭಾಲ್ಕಿಯಲ್ಲಿ ಎರಡು ದಿನ ಇಟ್ಟುಕೊಂಡು ನೋಡಿದರು, ಆಕೆ ಚೇತರಿಸಿಕೊಂಡಳು.

ಮಾಮಾನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಎಲ್ಲಾ ಮುಗದಾವೇನ್ರಿ?" ಅಂದರು.

"ಒಂದೂ ಉಳದಿಲ್ಲ."

"ಹಂಗಾರ ಹೊಂಟೆ."

ಮರುದಿನ ಬಂದರು. ಅಕ್ಕ ಭಾಲ್ಕಿಯಿಂದ ಮರಳಿದ ಮೇಲೆ ಡಾಕ್ಟರಮ್ಮ ಆಕೆಯನ್ನು ಪರೀಕ್ಷಿಸಿ, ದಿನಕ್ಕೆ ಒಂದೇ ಒಂದು ಎಂದು ಮೂರು ಸಲ ಹೇಳಿಸಿ, ಮತ್ತೆ ತಿಂಗಳ ಗುಳಿಗೆ ಬರೆದರು. ಹೆದರಿ ಹಣ್ಣಾಗಿದ್ದ ಮಾಮಾ ನನ್ನ ಕಿಟಕಿಯ ಮುಂದೆಯೇ ಹೆಂಡತಿಗೆ ಮಾತು ಕೊಟ್ಟರು: "ಈ ಪಟ್ಟಿ ಮುಗಿಯೂತನಕ ನಾ ಎಲ್ಲೂ ಹೋಗಂಗಿಲ್ಲ ನೋಡು."

ತಿಂಗಳು ಕಳೆದು ಇಬ್ಬರೂ ಜೊತೆಯಾಗಿ ಬಂದರು. ಅಕ್ಕನ ಬಿ.ಪಿ. ಗಗನಕ್ಕೇರಿತ್ತು. ಡಾಕ್ಟರಮ್ಮ ಎರಡು ಸಲ ಅಳೆದರು, ಮೂರನೆಯ ಸಲವೂ ಅಳೆದರು. ನಾನು ಕೈ ಚಾಚಿದೆ. ಆಕೆ ಸೆರಗಿನ ಗಂಟು ಬಿಚ್ಚಿ ಪಟ್ಟಿಗಳನ್ನು ಕೊಟ್ಟಳು. ಎಣಿಸಿದೆ. ಮೂವತ್ತಕ್ಕೆ ಮೂವತ್ತೂ ಇದ್ದವು.

"ಅಕ್ಕಾ!"

ಆಕೆ ನೆಲ ನೋಡಿದಳು. "ಮುಗದ್ರ ಹೋಗ್ತಾರಲ್ರಿ."

ನಾನೇ ಪಟ್ಟಿಯಿಂದ ಒಂದು ಗುಳಿಗೆ ಬಿಡಿಸಿ ಆಕೆಯ ಅಂಗೈಯಲ್ಲಿಟ್ಟು ನೀರು ಕೊಟ್ಟೆ. "ನುಂಗು, ಎಲ್ಲೂ ಹೋಗಂಗಿಲ್ಲ," ಅಂದರು ಮಾಮಾ. ಅಕ್ಕ ನುಂಗಿದಳು, ಇನ್ನೊಂದು ಕೈಯಲ್ಲಿ ಗಂಡನ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡು.