ಬೂಸ್ಟ್ ಕಮ್ಮಿ ಮಾಡಿದ್ದು ಯಾರು?

ಕೊಂಬೈ ಊರಿನ ದ್ರಾಕ್ಷಿ ವ್ಯಾಪಾರಿ ಮೋಹನ್‌ರಾಜನ ಕಾರು ಪೆಟ್ರೋಲ್ ಕುಡಿಯುತ್ತಿರಲಿಲ್ಲ, ಪೆಟ್ರೋಲಿನಲ್ಲಿ ಸ್ನಾನವನ್ನೇ ಮಾಡುತ್ತಿತ್ತು. ಇಂಜಿನಿಗೆ ಗಾಳಿಯೂದಿ ಬೂಸ್ಟ್ ಏರಿಸಲು ಕಂಪನಿ ಕೊಟ್ಟ ಟರ್ಬೊ ಸಾಲದೆಂದು ಕುಂಬಳಕಾಯಿ ಗಾತ್ರದ್ದೊಂದನ್ನು ಕೂರಿಸಿದ್ದ. ಲೀಟರಿಗೆ ಎಂಟೇ ಕಿಲೋಮೀಟರ್! ತೋಟಕ್ಕೆ ನಡೆದುಹೋಗುವ ಕೂಲಿ ಹೆಂಗಸರ ಮುಖಕ್ಕೆ ಧೂಳೆರಚಿ, ಶಿಳ್ಳೆ ಹಾಕುತ್ತ ಹಾರುವುದೇ ಮಹಾಶಯನ ಪರಮ ಪುರುಷಾರ್ಥ. (ಅವರು ಕೊಯ್ದ ದ್ರಾಕ್ಷಿಯಿಂದಲೇ ಆ ಟರ್ಬೊ ಬಂದದ್ದೆಂದು ಒಂದು ದಿನವೂ ಹೊಳೆದಿರಲಿಲ್ಲ.)

ಕೊನೆಗೆ ಹೆಂಡತಿ ಮುತ್ತುಸೆಲ್ವಿ ತೀರ್ಪು ಕೊಟ್ಟಳು. "ಮಾಮಾ, ಭಾನುವಾರ ಆ ದಿಂಡಿಗಲ್ ಮೆಕ್ಯಾನಿಕ್ ಅತ್ರ ಓಗು. ಲೀಟರಿಗೆ ಹದಿನೈದು ಬರ್ಲಿಲ್ಲಾಂದ್ರೆ ಟರ್ಬೊ ಬಿಚ್ಚಿಸಿ ಅದ್ರಲ್ಲೇ ಕೋಳಿಗೆ ನೀರಿಡ್ತೀನಿ!"

ಕೂಡಲೇ ಮೋಹನ್‌ರಾಜ ಮೆಕ್ಯಾನಿಕ್ ಶಿವಬಾಲನ್‌ಗೆ ಫೋನ್ ಮಾಡಿದ. ಸ್ಪೀಕರಿನಲ್ಲಿ ಉತ್ತರ ಮನೆಯೆಲ್ಲ ಮೊಳಗಿತು.

"ಬೂಸ್ಟ್ ಜಾಸ್ತಿ ಆಗೈತೆ ಅಣ್ಣೇ. ಕಮ್ಮಿ ಮಾಡಿದ್ರೆ ಮೈಲೇಜ್ ತಾನಾಗೇ ಏರ್ತದೆ."

ಅಡುಗೆಮನೆಯಲ್ಲಿ ಅವ್ವ ವೀರಮ್ಮಾಳರ ಕಿವಿ ನಿಮಿರಿತು. ಮಗನಿಗೆ ಹಲ್ಲು ಬಂದಾಗಿನಿಂದ (ಈಗ ಉದುರುವ ವಯಸ್ಸು) ದಿನಾ ಬೆಳಿಗ್ಗೆ ಚೊಂಬಿನಂಥ ಲೋಟದ ತುಂಬ ಬಿಸಿ ಹಾಲಿಗೆ ಬೂಸ್ಟ್ ಪುಡಿ ಕದಡಿ ಕೊಡುತ್ತಿದ್ದ ಮಹಾತಾಯಿ ಆಕೆ. ಮರುದಿನ ಲೋಟದಲ್ಲಿ ಬರೀ ಜೀರಿಗೆ ನೀರು.

"ಅವ್ವಾ, ಬೂಸ್ಟ್ ಎಲ್ಲಿ?"

"ಕುಡಿ ಸಾಮಿ. ಎಲ್ಲಾ ನಿನ್ ಒಳ್ಳೇದಕ್ಕೇ."

ಭಾನುವಾರ ಮೂವರೂ ದಿಂಡಿಗಲ್ಲಿಗೆ ಹೊರಟರು. ಬೂಸ್ಟಿಲ್ಲದ ಮೋಹನ್‌ರಾಜನ ಕಾಲು ಎಕ್ಸಲರೇಟರ್ ಮೇಲೆ ಬಾಡಿದ ವೀಳ್ಯದೆಲೆಯ ಹಾಗೆ ಬಿದ್ದಿತ್ತು. ದ್ರಾಕ್ಷಿ ಟ್ರಾಕ್ಟರಿನ ಹಿಂದೆ ಸಾಧುವಾಗಿ ಸಾಗಿದ. ದಾರಿಬದಿಯ ಕೂಲಿ ಹೆಂಗಸರು ಮೊದಲ ಸಲ ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ.

ಶಿವಬಾಲನ್ ಮೀಟರ್ ನೋಡಿ ಕಣ್ಣರಳಿಸಿದ. "ಲೀಟರಿಗೆ ಹದಿನಾರು! ನಾನಿನ್ನೂ ಕೈಯೇ ಇಟ್ಟಿಲ್ಲ. ಬೂಸ್ಟ್ ಕಮ್ಮಿ ಮಾಡಿದ್ದು ಯಾರು ಅಣ್ಣೇ?"

ಮೋಹನ್‌ರಾಜ ಎದೆಯುಬ್ಬಿಸಿದ. "ಅದು ನನ್ನ ಡ್ರೈವಿಂಗ್ ಕಲೆ..."

"ನಾನು ಕಣಪ್ಪಾ," ಹಿಂದಿನ ಸೀಟಿನಿಂದ ಅವ್ವ ಅಂದರು. "ನೀನು ಫೋನಲ್ಲಿ ಏಳಿದ ಮರುದಿನದಿಂದ್ಲೇ ಒಂದ್ ಸ್ಪೂನೂ ಆಕಿಲ್ಲ. ಬರೀ ಜೀರಿಗೆ ನೀರು."

ಶಿವಬಾಲನ್ ಕಾರಿನ ಬೂಸ್ಟ್ ಇಳಿಸಲು ತೆರೆದಿದ್ದ ಲ್ಯಾಪ್‌ಟಾಪ್ ಮುಚ್ಚಿ ಕೈಮುಗಿದ. "ಅವ್ವಾ, ನೀವೇ ಇಂಜಿನಿಯರ್! ಕೆಟ್ಟಿದ್ದು ಕಾರಲ್ಲ, ಅಣ್ಣನ ಕಾಲು!"

"ನಮ್ ಅತ್ತೆ ಅಂದ್ರೆ ಅತ್ತೆ!" ಎಂದಳು, ಮದುವೆಯಾದಾಗಿನಿಂದ ಆ ಬೂಸ್ಟ್ ಲೋಟ ತೊಳೆದೇ ಕೈ ಸವೆಸಿಕೊಂಡಿದ್ದ ಮುತ್ತುಸೆಲ್ವಿ.

ಅಷ್ಟರಲ್ಲಿ ಟೀ ಬಂತು. ಏಲಕ್ಕಿಯ ಘಮಕ್ಕೆ ಜೀವ ಬಂದಂತಾಗಿ ಮೋಹನ್‌ರಾಜ ಕೈ ಚಾಚಿದ. ವೀರಮ್ಮಾಳ್ ಗ್ಲಾಸನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಬ್ಯಾಡ ಸಾಮಿ. ಇನ್ನೂ ವಾಪಸ್ ಓಗ್ಬೇಕು."